ಮಗ್ಗದ ಊರಿನ ಡಬ್ಬಿ, ಸದ್ದಿಲ್ಲದ ಊರಿನ ಕಿವಿ

ಶಂಕರ ಕಟ್ಟಿದ ಸ್ಪೀಕರ್ ಡಬ್ಬಿ ನಮಗಿಂತ ಮೊದಲೇ ಡೆನ್ಮಾರ್ಕ್ ತಲುಪಿತ್ತು. ಮೈತುಂಬ ಬನಹಟ್ಟಿಯ ಟವೆಲ್ಲು ಸುತ್ತಿಕೊಂಡು, ಅದರ ಮೇಲೆ ಥರ್ಮಾಕೋಲು, ಅದರ ಮೇಲೆ ಕಟ್ಟಿಗೆಯ ಪೆಟ್ಟಿಗೆ ಹೊದ್ದು ವಿಮಾನ ಹತ್ತಿತ್ತು. ಮಗಳನ್ನು ಗಂಡನ ಮನೆಗೆ ಕಳಿಸುವಾಗಲೂ ಇಷ್ಟು ಸುತ್ತಿ ಕಳಿಸುವುದಿಲ್ಲ ಎಂದು ಅವನ ಹೆಂಡತಿ ಕಲಾವತಿ ನಕ್ಕಿದ್ದಳು.

ಶಂಕರ ಮತ್ತು ನಾನು ಜಮಖಂಡಿಯಲ್ಲಿ ಒಂದೇ ಶಾಲೆಯಲ್ಲಿ ಕಲಿತವರು. ನಾನು ಪತ್ರಿಕೆಯ ವರದಿಗಾರನಾದೆ. ಅವನು ಬನಹಟ್ಟಿಯ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅಂಗಡಿ ಹಾಕಿ ಆಂಪ್ಲಿಫೈಯರ್, ಸ್ಪೀಕರ್ ಡಬ್ಬಿ ಕಟ್ಟತೊಡಗಿದ. ಮನೆಯ ಹಿಂದಿನ ಕೋಣೆಯಲ್ಲಿ ಪವರ್‌ಲೂಮ್ ಮಗ್ಗಗಳಿವೆ. ಅವು ಅವನ ಅಪ್ಪನ ಕಾಲದಿಂದ ನಡೆದಿವೆ, ಈಗ ಕಲಾವತಿ ನಡೆಸುತ್ತಾಳೆ. ಡಬ್ಬಿಯೊಳಗೆ ಕೂರಿಸುವ ದುಂಡನೆಯ ಸ್ಪೀಕರುಗಳನ್ನು ಶಂಕರ ಡೆನ್ಮಾರ್ಕಿನ ಒಂದು ಸಣ್ಣ ಕಂಪನಿಯಿಂದ ತರಿಸುತ್ತಿದ್ದ. ಆ ಕಂಪನಿ ತನ್ನ ಸ್ಪೀಕರ್ ಬಳಸಿ ಡಬ್ಬಿ ಕಟ್ಟುವವರಿಗೆ ಒಂದು ಸ್ಪರ್ಧೆ ಇಡುತ್ತದೆ. ಆಯ್ದ ಆರು ಜನರನ್ನು ಕರೆಸಿ, ಅವರ ಡಬ್ಬಿಗಳನ್ನು ಮೊದಲು ಯಂತ್ರದಿಂದ ಅಳೆದು, ಆಮೇಲೆ ಪರದೆಯ ಹಿಂದಿಟ್ಟು ಕಿವಿಯಿಂದ ಕೇಳಿ, ಒಂದನ್ನು ಆರಿಸುತ್ತಾರೆ. ಆರಿಸಿದ ಡಬ್ಬಿಯ ನಕ್ಷೆಯನ್ನು ಕಟ್ಟಿದವನ ಹೆಸರು, ಅವನ ಊರಿನ ಹೆಸರು ಹಾಕಿ ಕಂಪನಿಯೇ ಮಾರುತ್ತದೆ.

ಊರಿನ ಹೆಸರು ಎಂದದ್ದೇ ಶಂಕರನ ತಲೆಗೆ ಏರಿತ್ತು. "ಲೇ, ಡೆನ್ಮಾರ್ಕದಾಗ ಒಂದ ಡಬ್ಬಿ ಮ್ಯಾಲ ಬನಹಟ್ಟಿ ಅಂತ ಬರೀತಾರಂದ್ರ ಸಣ್ಣ ಮಾತೇನು?" ಎಂದು ಸಿಕ್ಕವರಿಗೆಲ್ಲ ಹೇಳಿದ್ದ. ಪಕ್ಕದ ರಬಕವಿ ಬಸ್ ಸ್ಟ್ಯಾಂಡಿನ ಚಹಾದಂಗಡಿಯವನಿಗೂ ವಿಷಯ ಗೊತ್ತಿತ್ತು. ಇಂಗ್ಲಿಷಿನಲ್ಲಿ ಮಾತಾಡಲು ಒಬ್ಬ ಬೇಕೆಂದು ನನ್ನನ್ನು ಜೊತೆಗೆ ಹೊರಡಿಸಿದ.

ಕೋಪನ್‌ಹೇಗನ್‌ನಿಂದ ಹೊರಟ ರೈಲು

ಕಂಪನಿ ಇರುವುದು ರಾಜಧಾನಿಯಲ್ಲಲ್ಲ. ಪಶ್ಚಿಮಕ್ಕೆ ಜಟ್ಲಂಡ್ ಎಂಬ ಪ್ರಾಂತ್ಯದ ಒಂದು ಪುಟ್ಟ ಊರಿನಲ್ಲಿ. ರೈಲು ಹತ್ತಿ ಕಿಟಕಿ ಬದಿ ಕೂತೆವು. ಶಂಕರ ಖುಷಿಯಲ್ಲಿದ್ದ. ವಿಮಾನ ನಿಲ್ದಾಣದ ಅಧಿಕಾರಿ ಏಕೆ ಬಂದಿರಿ ಎಂದು ಕೇಳಿದ್ದು, ಇವನು ತನಗೆ ಗೊತ್ತಿದ್ದ ಇಂಗ್ಲಿಷಿನಲ್ಲಿ 'ಬಾಕ್ಸ್' ಎಂದದ್ದು, ಅಧಿಕಾರಿ ಇವನನ್ನು ಬಾಕ್ಸಿಂಗ್ ಪಟುವೋ ಎಂಬಂತೆ ಮೇಲಿನಿಂದ ಕೆಳಗೆ ನೋಡಿದ್ದು, ಎಲ್ಲವನ್ನೂ ಮತ್ತೊಮ್ಮೆ ವರ್ಣಿಸುತ್ತಿದ್ದ.

ಬನಹಟ್ಟಿಯವರ ಮಾತು ಜೋರು. ಬೀಳಗಿ ಕಡೆಯಿಂದ ಬಂದ ಬೀಗರು ಮೊದಲ ಸಲ ಆ ಊರಿನಲ್ಲಿ ಊಟಕ್ಕೆ ಕೂತರೆ, ಒಳಗೆ ಜಗಳ ಹತ್ತಿದೆ ಎಂದು ಎದ್ದು ನಿಲ್ಲುತ್ತಾರೆ. ಜಗಳವಲ್ಲ, ಪಲ್ಯ ಇನ್ನಷ್ಟು ಹಾಕಲೇ ಎಂದು ಕೇಳುತ್ತಿರುತ್ತಾರೆ. ಖಟಾಖಟ್ ಎನ್ನುವ ಮಗ್ಗಗಳ ನಡುವೆ ಮಾತು ಕಲಿತವರ ದನಿ ಅದು.

ಬೋಗಿಯಲ್ಲಿ ನಮ್ಮದೊಂದೇ ದನಿ ಇದೆ ಎಂದು ನನಗೆ ಹೊಳೆಯುವಷ್ಟರಲ್ಲಿ ಎದುರು ಸಾಲಿನ ಅಜ್ಜಿಯೊಬ್ಬರು ಎದ್ದು ಬಂದರು. ನಗುತ್ತಲೇ ಕಿಟಕಿಯ ಮೇಲಿನ ಚೀಟಿ ತೋರಿಸಿದರು. ಅದು ಸದ್ದು ಮಾಡಬಾರದ ಬೋಗಿ. ಫೋನಿಲ್ಲ, ಮಾತಿಲ್ಲ, ಜನ ಬೇಕೆಂದೇ ಅಲ್ಲಿ ಬಂದು ಕೂರುತ್ತಾರೆ. ನಾನು ತಿಳಿಸಿ ಹೇಳಿದೆ.

"ಯಾಕ, ಯಾರರ ತೀರಿಕೊಂಡಾರೇನ್ಲೇ?" ಎಂದ ಶಂಕರ. ಅದನ್ನೂ ಜೋರಾಗಿಯೇ ಎಂದ.

"ಯಾರೂ ತೀರಿಕೊಂಡಿಲ್ಲೋ ಮಾರಾಯಾ. ಸುಮ್ಮ ಕೂಡಾಕ ಅಂತನ ಬಂದಾರ."

ಅವನಿಗೆ ಸುಮ್ಮನೆ ಕೂಡುವುದು ಆಗದ ಮಾತು. ಸ್ವಲ್ಪ ಹೊತ್ತಿಗೆ ಕೈಮಾತು ಶುರುವಾಯಿತು. ಮಗ್ಗದ ಶೆಡ್ಡಿನಲ್ಲಿ ಈ ತುದಿಯವನು ಆ ತುದಿಯವನಿಗೆ ನೂಲು ತೀರಿತು, ಚಹಾ ಬಂತು, ಮಾಲಕ ಬಂದ ಎಂದು ಬೆರಳಲ್ಲಿ, ಹುಬ್ಬಿನಲ್ಲಿ ಹೇಳುವ ಭಾಷೆ ಅದು. ಶಂಕರ ಅದರಲ್ಲೇ ಕಿಟಕಿಯಾಚೆಯ ಹಸು, ಸಮುದ್ರದ ಮೇಲಿನ ಸೇತುವೆ, ಗಾಳಿಯ ಯಂತ್ರ ಎಲ್ಲವನ್ನೂ ವರದಿ ಮಾಡಿದ. ಅಜ್ಜಿ ಅದನ್ನು ನೋಡಿದರು. ಅವರ ಮುಖ ಕೆಂಪಾಯಿತು. ಕಿವಿ ಕೇಳದವನನ್ನು ಗದರಿಸಿಬಿಟ್ಟೆ ಎಂದುಕೊಂಡರೋ ಏನೋ, ಇಳಿಯುವಾಗ ಎದೆಯ ಮೇಲೆ ಕೈಯಿಟ್ಟು ಶಂಕರನಿಗೆ ತಲೆಬಾಗಿ ಕ್ಷಮೆ ಕೇಳಿದರು. ಅವನೂ ಎದ್ದು ನಿಂತು ಕೈಮುಗಿದ.

"ಭಾಳ ಸಂಭಾವಿತ ಮಂದಿ," ಎಂದ, ಬೋಗಿಯಿಂದ ಇಳಿದ ಮೇಲೆ.

ಬಿರ್ಗಿಟ್ ಮನೆ

ನಮ್ಮನ್ನು ಲಾಡ್ಜಿನಲ್ಲಿ ಇಳಿಸಲಿಲ್ಲ. ಕಂಪನಿಯವರೇ ತಂತಮ್ಮ ಮನೆಗಳಲ್ಲಿ ಇಟ್ಟುಕೊಳ್ಳುತ್ತಾರೆ. ನಮಗೆ ಸಿಕ್ಕವರು ಬಿರ್ಗಿಟ್. ಐವತ್ತು ದಾಟಿದ ಇಂಜಿನಿಯರ್, ಆ ಕಂಪನಿಯಲ್ಲಿ ಅಳತೆಯ ಕೆಲಸವೆಲ್ಲ ಅವರದೇ. ಎತ್ತರದ ಹೆಂಗಸು, ಮೆಲುದನಿ, ಒಂದು ಮುದಿ ನಾಯಿ.

ಬೆಳಿಗ್ಗೆ ತಿಂಡಿಯ ಮೇಜಿನ ಮೇಲೆ ಮೇಣದಬತ್ತಿ ಉರಿಯುತ್ತಿತ್ತು. ಹೊರಗೆ ಬಿಸಿಲು ಚೆನ್ನಾಗಿಯೇ ಬಿದ್ದಿತ್ತು.

"ಕರೆಂಟ್ ಹೋಗೇತೇನು?" ಎಂದು ಶಂಕರ ನನ್ನ ಕಿವಿಯಲ್ಲಿ ಕೇಳಿದ.

ಕರೆಂಟಿನ ಮಾತಲ್ಲ, ಹಗಲಲ್ಲೂ ದೀಪ ಹಚ್ಚಿ ಉಣ್ಣುವುದು ಅಲ್ಲಿಯ ರೂಢಿ. ಮನೆಯಲ್ಲಿ ಎಂಥ ನಿಶ್ಶಬ್ದ ಎಂದರೆ, ಬೆಣ್ಣೆ ಸವರುವ ಚಾಕುವಿನ ಸದ್ದು ಕೇಳುತ್ತಿತ್ತು. ಅವರ ಕಪ್ಪು ರೊಟ್ಟಿ ಗಟ್ಟಿಯಾಗಿ, ಹುಳಿಯಾಗಿ, ಒದ್ದೆ ಇಟ್ಟಿಗೆಯ ತೂಕದ್ದು. ಶಂಕರ ಒಂದು ತುಂಡು ಬಾಯಿಗಿಟ್ಟು ಯೋಚಿಸಿದ. ಮೇಲೆದ್ದು ಹೋಗಿ ಚೀಲದಿಂದ ಕಲಾವತಿ ಕಟ್ಟಿಕೊಟ್ಟ ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಂದ. ರೊಟ್ಟಿಯನ್ನು ಎರಡು ಕೈಯಲ್ಲಿ ಹಿಡಿದು ಮುರಿದ.

ಊರಲ್ಲಿ ಆ ಸದ್ದು ಯಾರಿಗೂ ಕೇಳುವುದಿಲ್ಲ. ಇಲ್ಲಿ ಗುಂಡು ಹಾರಿದಂತಾಯಿತು. ನಾಯಿ ಮೇಜಿನ ಕೆಳಗಿನಿಂದ ಎದ್ದು ಬಾಗಿಲಿಗೆ ಓಡಿತು. ಬಿರ್ಗಿಟ್ ಬೆಚ್ಚಿಬಿದ್ದರು, ಆಮೇಲೆ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ತಾವೂ ಒಂದು ರೊಟ್ಟಿ ಕೇಳಿ ತೆಗೆದುಕೊಂಡರು. ತಿನ್ನುವುದಕ್ಕೆ ಮೊದಲು ಕಿವಿಯ ಹತ್ತಿರ ಹಿಡಿದು ಮುರಿದರು. ಈ ಮನುಷ್ಯರು ಎಲ್ಲವನ್ನೂ ಮೊದಲು ಕೇಳಿ ನೋಡುತ್ತಾರೆ ಎಂದು ನಾನು ಆಗಲೇ ಗುರುತಿಸಿಕೊಂಡೆ.

ಪಡಿದನಿ ಇಲ್ಲದ ಕೋಣೆ

ಅಳತೆಯ ಕೋಣೆಯಲ್ಲಿ ಗೋಡೆ, ಮಾಳಿಗೆ, ನೆಲ ಎಲ್ಲದರಿಂದಲೂ ಸ್ಪಂಜಿನ ಬೆಣೆಗಳು ಚಾಚಿಕೊಂಡಿದ್ದವು. ನಡೆದಾಡಲು ತಂತಿಯ ಬಲೆ. ಆಡಿದ ಮಾತು ಎಲ್ಲಿಗೂ ತಾಗಿ ಹಿಂದಿರುಗುವುದಿಲ್ಲ, ಬಾಯಿಂದ ಹೊರಬಿದ್ದಲ್ಲೇ ಸಾಯುತ್ತದೆ. ನಡುವೆ ಒಂದು ಕಂಬದ ಮೇಲೆ ಶಂಕರನ ಡಬ್ಬಿ. ಬೀಟೆಯ ಬಣ್ಣ, ಮುಂದುಗಡೆ ಕಲಾವತಿಯ ಮಗ್ಗದಲ್ಲೇ ನೇಯ್ದ ತೆಳು ಹತ್ತಿಯ ಬಟ್ಟೆ. ಅದರ ಎದುರು ಬೆರಳಿನಷ್ಟು ತೆಳ್ಳಗಿನ ಒಂದು ಮೈಕು.

ಅಲ್ಲಿ ಉಳಿದ ಸ್ಪರ್ಧಿಗಳೂ ಇದ್ದರು. ಅವರಲ್ಲಿ ನಮಗೆ ಹತ್ತಿರವಾದವನು ಹೆಂಕ್ ಒಬ್ಬನೇ. ಹಾಲೆಂಡಿನವನು, ಪಿಯಾನೋಗಳಿಗೆ ಶ್ರುತಿ ಕೂಡಿಸುವುದು ಅವನ ಕಸುಬು. ಅಳತೆ ಎಂದರೆ ಅವನಿಗೆ ಆಗದು. "ಮೈಕಿಗೆ ಹಾಡು ಗೊತ್ತೇ? ಊಟ ಹೇಗಿತ್ತು ಎಂದು ತಕ್ಕಡಿಯನ್ನು ಕೇಳುತ್ತೀರಾ?" ಎಂದು ಬಿರ್ಗಿಟ್ ಅವರನ್ನು ಕೆಣಕಿದ. "ನಾಲಿಗೆಗೆ ಜ್ವರ ಬಂದಿದ್ದರೆ ತಕ್ಕಡಿಯೇ ವಾಸಿ," ಎಂದು ಅವರು ತಲೆ ಎತ್ತದೆ ಉತ್ತರಿಸಿದರು.

ನಾನು ಶಂಕರನಿಗೆ ಅನುವಾದಿಸಿದೆ. ಅವನು ಪೂರಾ ಹೆಂಕ್‌ನ ಪಕ್ಷ. ಅವನ ಅಂಗಡಿಯಲ್ಲಿ ಮೀಟರಿಗೆ ಜಾಗವಿಲ್ಲ. ಬನಹಟ್ಟಿಯಲ್ಲಿ ಸ್ಪೀಕರ್ ಡಬ್ಬಿಯನ್ನು ಯಾರೂ ಅಂಗಡಿಯಲ್ಲಿ ಕೇಳಿ ಕೊಳ್ಳುವುದಿಲ್ಲ. ನಡೆಯುತ್ತಿರುವ ಮಗ್ಗದ ಶೆಡ್ಡಿಗೆ ಹೊತ್ತು ಒಯ್ಯಬೇಕು, ಹಾಡು ಹಚ್ಚಬೇಕು. ಗಿರಾಕಿ ನಾಲ್ಕನೆಯ ಮಗ್ಗದ ಮುಂದೆ ನಿಂತು ಕೇಳುತ್ತಾನೆ. ಹಾಡಿನ ಮಾತು ಬಿಡಿಬಿಡಿಯಾಗಿ ತಿಳಿದರೆ ವ್ಯಾಪಾರ ಆಯಿತು, ಇಲ್ಲದಿದ್ದರೆ ಡಬ್ಬಿ ವಾಪಸು. ಶಂಕರನ ಡಬ್ಬಿ ವಾಪಸು ಬಂದದ್ದು ನಾನು ಕೇಳಿಲ್ಲ. ಮಹಾಲಿಂಗಪುರದ ಬೆಲ್ಲದ ವ್ಯಾಪಾರಿಗಳು, ಸಮೀರವಾಡಿಯ ಫ್ಯಾಕ್ಟರಿ ಕೆಲಸಗಾರರು, ಎಲ್ಲರ ಮನೆಯಲ್ಲೂ ಅವನವೇ ಇವೆ.

ಅಳತೆ ಶುರುವಾಗುವ ಮುನ್ನ ಬಿರ್ಗಿಟ್ ನಮ್ಮಿಬ್ಬರನ್ನು ಒಳಗೆ ನಿಲ್ಲಿಸಿ ಬಾಗಿಲು ಮುಚ್ಚಿದರು. ಆ ನಿಶ್ಶಬ್ದ ಅನುಭವಿಸಿ ನೋಡಲಿ ಎಂದು. ನನಗೆ ನನ್ನ ಉಸಿರು, ಅಂಗಿಯ ಸರಸರ ಕೇಳಿತು. ಶಂಕರ ಮೂಲೆಮೂಲೆಗೆ ಕತ್ತು ಹೊರಳಿಸುತ್ತಿದ್ದ.

"ಯಾವದೋ ಮಶೀನ್ ಚಾಲೂ ಐತಿ. ಬಂದ್ ಮಾಡಾಕ ಹೇಳ ಆಕಿಗಿ," ಎಂದ.

"ಯಾವ ಮಶೀನೂ ಇಲ್ಲೋ."

"ಐತಿ ಅಂದ್ನಿ. ಕುಂಯ್ ಅನ್ನಾಕತ್ತೈತಿ, ನಿನಗ ಕೇಳಂಗಿಲ್ಲನು?"

ಬಾಗಿಲು ತೆರೆದಾಗ ನಾನು ಬಿರ್ಗಿಟ್‌ಗೆ ಕೇಳಿದೆ. ಒಳಗೆ ಯಾವ ಯಂತ್ರವೂ ಇಲ್ಲ ಎಂದರು. ಅವರ ನಗು ಅಲ್ಲಿಗೆ ನಿಂತಿತು. "ನಾಳೆ ಎಲ್ಲರ ಕಿವಿಯನ್ನೂ ಪರೀಕ್ಷಿಸುತ್ತೇವೆ. ಪರದೆಯ ಮುಂದೆ ಕೂತು ಅಂಕ ಹಾಕುವವರಿಗೆ ಅದು ನಿಯಮ. ಶಂಕರ ಅವರದೂ, ನಿಮ್ಮದೂ ಆಗಲಿ," ಎಂದಷ್ಟೇ ಹೇಳಿ ಒಳಗೆ ಹೋದರು.

ಅಳತೆಯ ಗ್ರಾಫ್ ಕಂಪ್ಯೂಟರಿನ ತೆರೆಯ ಮೇಲೆ ಬಂತು. ಸುಮಾರಾಗಿ ನೇರವಾಗಿ ಹೋಗುವ ಗೆರೆ ಒಂದು ಕಡೆ ಗುಡ್ಡದಂತೆ ಎದ್ದಿತ್ತು. ಅಷ್ಟು ದನಿಯನ್ನು ಡಬ್ಬಿ ಬೇಕಾದ್ದಕ್ಕಿಂತ ಜೋರಾಗಿ ನುಡಿಸುತ್ತದೆ ಎಂದು ಅದರ ಅರ್ಥ. ಬಟ್ಟೆ ತೆಗೆದು ಮತ್ತೆ ಅಳೆದರು, ಗುಡ್ಡ ಹಾಗೆಯೇ. ಮಾತಿನಲ್ಲಿ ಸ, ಶ, ಚ ಮುಂತಾದ ಅಕ್ಷರಗಳ ಮೊನಚು ಇರುವುದು ಆ ಜಾಗದಲ್ಲೇ ಎಂದು ಬಿರ್ಗಿಟ್ ವಿವರಿಸಿದರು.

"ಅದ ನನ್ನ ಡಬ್ಬಿ ಜೀವಾ," ಎಂದ ಶಂಕರ, ಎದೆಯುಬ್ಬಿಸಿ. ನಾನು ಅನುವಾದಿಸಿದೆ. ಹೆಂಕ್ ಚಪ್ಪಾಳೆ ತಟ್ಟಿದ.

ಬಿರ್ಗಿಟ್ ಒಂದೇ ಪ್ರಶ್ನೆ ಕೇಳಿದರು: "ಇದನ್ನು ನೀವು ಯಾವಾಗಲಾದರೂ ನಿಶ್ಶಬ್ದವಾದ ಕೋಣೆಯಲ್ಲಿ ಕೇಳಿದ್ದೀರಾ?"

ಶಂಕರ ನೆನಪು ಮಾಡಿಕೊಳ್ಳತೊಡಗಿದ. ನಾನೂ ಯೋಚಿಸಿದೆ. ಅವನ ಮನೆಯ ಹಿಂದೆ ಮಗ್ಗ, ಎಡಕ್ಕೆ ಮಗ್ಗ, ಬಲಕ್ಕೆ ಮಗ್ಗ. ಬನಹಟ್ಟಿ ಮೌನವಾಗುವುದು ಕರೆಂಟ್ ಹೋದಾಗ. ಆಗ ಸ್ಪೀಕರೂ ಮೌನ.

"ಅಮಾಸಿಗೆ ಮಗ್ಗ ಬಂದ್ ಇರ್ತಾವ," ಎಂದ ಶಂಕರ ನಿಧಾನವಾಗಿ. "ಆದ್ರ ಅವತ್ತ ನಾನೂ ಅಂಗಡಿ ತೆಗ್ಯಂಗಿಲ್ಲ."

ಕಿವಿಗೂ ಒಂದು ಗ್ರಾಫು

ಮರುದಿನ ನಮ್ಮ ಮೂವರ ಸರದಿ ಒಟ್ಟಿಗೆ ಬಂತು: ಹೆಂಕ್, ಶಂಕರ, ನಾನು. ಟೆಲಿಫೋನ್ ಬೂತಿನಂಥ ಪೆಟ್ಟಿಗೆಯಲ್ಲಿ ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕುತ್ತಾರೆ. ಸಣ್ಣ ಸಣ್ಣ ಸೀಟಿ ಕೇಳಿಸುತ್ತಾರೆ. ಕೇಳಿದ ಕೂಡಲೇ ಗುಂಡಿ ಒತ್ತಬೇಕು. ಶಂಕರ ಹುರುಪಿನಲ್ಲಿ ಒಳಗೆ ಹೋದ. ಗಾಜಿನಾಚೆಯಿಂದ ಅವನು ಕಾಣುತ್ತಿದ್ದ. ಗುಂಡಿ ಒತ್ತುತ್ತಿದ್ದವನು ನಡುವೆ ಒಂದಷ್ಟು ಹೊತ್ತು ಬೆರಳು ಎತ್ತಿಕೊಂಡು ಕಾದ. ಸುಮ್ಮನೆ ಕಾದ. ಸೀಟಿ ನಿಂತಿದೆ ಎಂದುಕೊಂಡಿದ್ದನಂತೆ. ಸೀಟಿ ನಿಂತಿರಲಿಲ್ಲ. ಬಿರ್ಗಿಟ್ ಮುಂದಿನ ತೆರೆಯ ಮೇಲೆ ಅದು ಜೋರಾಗುತ್ತ ಹೋಗುವುದನ್ನು ನಾನು ನೋಡುತ್ತಿದ್ದೆ.

ನನ್ನ ಕಿವಿಗಳು ವಯಸ್ಸಿಗೆ ತಕ್ಕಂತೆ ನೆಟ್ಟಗಿದ್ದವು. ಹೆಂಕ್‌ನವು ಮೇಲಿನ ದನಿಗಳಲ್ಲಿ ಮೆಲ್ಲಗೆ ಇಳಿದಿದ್ದವು. ಶಂಕರನ ಗೆರೆ ನೇರವಾಗಿ ಬಂದು ಒಂದು ಕಡೆ ಹೊಂಡಕ್ಕೆ ಬಿದ್ದು ಮತ್ತೆ ಮೇಲೆದ್ದಿತ್ತು. ಎರಡೂ ಕಿವಿಯಲ್ಲಿ, ಒಂದೇ ಜಾಗದಲ್ಲಿ.

ಬಿರ್ಗಿಟ್ ನಿನ್ನೆಯ ಗ್ರಾಫ್ ತೆಗೆದು ಇಂದಿನದರ ಮೇಲಿಟ್ಟರು. ಡಬ್ಬಿಯ ಗುಡ್ಡ ಶಂಕರನ ಹೊಂಡದಲ್ಲಿ ಹೋಗಿ ಕೂತಿತು.

ನಾನು ಎಷ್ಟೋ ವರ್ಷ ಸುದ್ದಿಯ ಮೇಜಿನ ಮುಂದೆ ಕೂತವನು. ಎರಡು ಬೇರೆ ಬೇರೆ ಮೂಲಗಳಿಂದ ಬಂದ ಮಾತು ಒಂದಕ್ಕೊಂದು ಹೊಂದಿಕೊಂಡಾಗ ಮೈಯಲ್ಲಿ ಒಂದು ಮಿಂಚು ಹರಿಯುತ್ತದೆ. ಅದು ಹರಿಯಿತು. ಕುರ್ಚಿಯಿಂದ ಎದ್ದೇ ನಿಂತೆ. ಆಮೇಲೆ ಶಂಕರನ ಮುಖ ನೋಡಿ ಮತ್ತೆ ಕೂತೆ.

"ಇದೇನಿದು?" ಎಂದ ಅವನು.

ಬಿರ್ಗಿಟ್ ಎಚ್ಚರಿಕೆಯಿಂದ ವಿವರಿಸಿದರು. ಯಂತ್ರಗಳ ಗದ್ದಲದಲ್ಲಿ ಬೆಳೆದವರ ಕಿವಿಯಲ್ಲಿ ಈ ಹೊಂಡ ಮಾಮೂಲು, ಆ ಮಟ್ಟದ ದನಿ ಅವರಿಗೆ ಕಡಿಮೆ ಕೇಳುತ್ತದೆ. ನಿನ್ನೆ ಕೋಣೆಯಲ್ಲಿ ಕೇಳಿದ ಕುಂಯ್ ಕೂಡ ಕಿವಿಯೊಳಗೇ ಹುಟ್ಟಿದ್ದು, ಅದರ ಜೊತೆಯದೇ ಇರಬಹುದು. ಆದರೆ ಡಬ್ಬಿಯಲ್ಲಿ ಗುಡ್ಡ ಎದ್ದದ್ದಕ್ಕೆ ಎರಡು ಕಾರಣ ಇರಬಹುದು. ಮಗ್ಗದ ಗದ್ದಲವನ್ನು ಸೀಳಿ ಮಾತು ಕೇಳಿಸಬೇಕಾದರೆ ಆ ಮೊನಚು ಬೇಕೇ ಬೇಕು, ಕಿವಿ ಎಷ್ಟೇ ಚೆನ್ನಾಗಿರಲಿ. ಕಿವಿಯ ಹೊಂಡ ತುಂಬಲೂ ಅದು ಬೇಕಾಗಬಹುದು. ಯಾವುದು ಎಷ್ಟು ಎಂದು ಒಬ್ಬನೇ ಮನುಷ್ಯನನ್ನು ನೋಡಿ ಹೇಳುವ ಧೈರ್ಯ ತಮಗಿಲ್ಲ. "ಅವರ ಊರಿಗೆ ಈ ಡಬ್ಬಿ ಸರಿಯಾಗಿಯೇ ಇದೆ. ಆದರೆ ಇಲ್ಲಿ ಮಗ್ಗಗಳಿಲ್ಲ," ಎಂದರು.

ನಾನು ಒಂದು ಮಾತೂ ಬಿಡದೆ ಕನ್ನಡದಲ್ಲಿ ಹೇಳಿದೆ. ಶಂಕರ ಕೇಳಿಸಿಕೊಂಡ.

"ಊರಾಗ ಎಲ್ಲಾರೂ ಛಲೋ ಐತಿ ಅಂತಾರಲ್ಲೋ," ಎಂದ.

"ಊರಾಗ ಎಲ್ಲಾರದೂ ಅವ ಮಗ್ಗಾ, ಅವ ಕಿವೀನಲ್ಲೋ."

ಬೈಯುತ್ತಾನೆ ಎಂದುಕೊಂಡೆ. ಬೈಯಲಿಲ್ಲ. ಗುಡ್ಡ ಮತ್ತು ಹೊಂಡ ಕೂಡಿದ ಗೆರೆಯ ಮೇಲೆ ತೋರುಬೆರಳು ಆಡಿಸಿದ. ಅವನ ಬಾಯಿಂದ ಬಂದದ್ದು ಇಷ್ಟೇ: "ಹೆಂಗ್ ಬರೋಬ್ಬರಿ ಕುಂತೈತಿ ನೋಡಲೇ."

ಒಂದು ಮಧ್ಯಾಹ್ನ, ಎರಡು ದನಿ

ಸ್ಪರ್ಧೆಯ ನಿಯಮದಂತೆ, ಅಳತೆ ನೋಡಿದ ಮೇಲೆ ಕಟ್ಟಿದವನು ತನ್ನ ಡಬ್ಬಿಯನ್ನು ತಿದ್ದಬಹುದು. ಅದಕ್ಕೆ ಒಂದು ಮಧ್ಯಾಹ್ನದ ಅವಕಾಶ. ಕಂಪನಿಯವರು ಸಲಹೆ ಕೊಡುವಂತಿಲ್ಲ. ಸಲಹೆ ಶಂಕರನಿಗೆ ಬೇಕಾಗಿಯೂ ಇರಲಿಲ್ಲ. ಯಾವ ಬಿಡಿಭಾಗ ಬದಲಿಸಿದರೆ ಗುಡ್ಡ ಇಳಿಯುತ್ತದೆ ಎಂದು ಗ್ರಾಫ್ ನೋಡಿದ ಕ್ಷಣವೇ ಅವನಿಗೆ ಗೊತ್ತಾಗಿತ್ತು.

ವರ್ಕ್‌ಶಾಪಿನಲ್ಲಿ ನಾವಿಬ್ಬರೇ. ಶಂಕರ ಡಬ್ಬಿಯ ಬೆನ್ನು ಬಿಚ್ಚಿ, ಹಳೆಯ ಜೋಡಣೆ ಹಾಗೆಯೇ ಇಟ್ಟು, ಹೊಸದನ್ನು ಪಕ್ಕದಲ್ಲೇ ತಂತಿಯಿಂದ ತಾತ್ಕಾಲಿಕವಾಗಿ ಸೇರಿಸಿದ. ತಂತಿ ಇಲ್ಲಿಗೆ ಸಿಕ್ಕಿಸಿದರೆ ಹಳೆಯ ದನಿ, ಅಲ್ಲಿಗೆ ಸಿಕ್ಕಿಸಿದರೆ ಹೊಸದು.

"ಇಳಸೂದು ದೊಡ್ಡ ಮಾತಲ್ಲ. ಇಳಸಬೇಕೋ ಬ್ಯಾಡೋ ಅನ್ನೂದ ಮಾತು," ಎಂದ. "ನನ್ನ ಕಿವಿ ಮಾತು ಕೇಳಿದ್ರ ಹಳೇದ. ಗ್ರಾಫಿನ ಮಾತು ಕೇಳಿದ್ರ ಹೊಸಾದು. ಈಗ ನನ್ನ ಕಿವಿ ಮ್ಯಾಲ ನನಗ ನಂಬಿಗಿ ಹೋತು, ಗ್ರಾಫಿನ ಮ್ಯಾಲ ಇನ್ನೂ ಬಂದಿಲ್ಲ."

ಕುರ್ಚಿ ಎಳೆದು ನನ್ನನ್ನು ಡಬ್ಬಿಯ ಎದುರು ಕೂರಿಸಿದ.

"ನಿನ್ನ ಕಿವಿ ನೆಟ್ಟಗ ಅದಾವಂತ ಆಕೀನ ಬರದ ಕೊಟ್ಟಾಳಲ್ಲ. ನೀ ಕೇಳಿ ಹೇಳ."

"ಲೇ, ನನಗ ಹಾಡಿನ ಗಂಧಾ ಇಲ್ಲ. ನಾ ಏನ ಹೇಳ್ಲಿ?"

"ಹಾಡ್ ಬ್ಯಾಡ." ಅವನು ಫೋನಿನಲ್ಲಿ ಹುಡುಕಿ ಕಲಾವತಿ ಕಳಿಸಿದ್ದ ಧ್ವನಿ ಸಂದೇಶಗಳನ್ನು ತೆಗೆದ. ಅವುಗಳಲ್ಲಿ ಆಕೆ ಜಮಖಂಡಿಗೆ ತವರಿಗೆ ಹೋದಾಗ ಕಳಿಸಿದ್ದೊಂದನ್ನು ಆರಿಸಿದ. ಅಲ್ಲಿ ಮಗ್ಗಗಳಿಲ್ಲ. ಆ ಮನೆ ನಮ್ಮ ಓಣಿಯಲ್ಲೇ ಇದೆ. ಆಕೆ ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ನನ್ನ ಹೆಂಡತಿಯ ಜೊತೆ ತಾಸುಗಟ್ಟಲೆ ಮಾತಾಡಿದ್ದು ಎಷ್ಟೋ ಸಲ ಕೇಳಿದ್ದೇನೆ.

"ಯಾವದು ಕಲಾವತಿ ಅಂತ ಹೇಳ, ಸಾಕು."

ಹಳೆಯ ಜೋಡಣೆಯಲ್ಲಿ ಕಲಾವತಿ ಮಾತಾಡಿದಳು: "ಸಂಜಿಗೆ ಬರೂಮುಂದ ಸಾಸಿವಿ ತರ್ರಿ, ಸಕ್ರಿ ಐತಿ, ಸಕ್ರಿ ತರಬ್ಯಾಡ್ರಿ ಮತ್ತ." ಒಂದೊಂದು 'ಸ'ವೂ ಸೂಜಿಯಾಗಿ ಚುಚ್ಚಿತು. ಸಾಸಿವೆ ತರದಿದ್ದರೆ ಮನೆ ಬಿಟ್ಟು ಹೋಗುವ ಹೆಂಗಸಿನ ದನಿ ಅದು. ಶಂಕರ ತಂತಿ ಬದಲಿಸಿದ. ಅದೇ ಮಾತು. ನಾನು ಬೆಚ್ಚಿ ಡಬ್ಬಿಯ ಹಿಂದೆ ನೋಡಿದೆ. ಕಲಾವತಿ ಅಲ್ಲಿ ನಿಂತಿದ್ದಳು. ಅಷ್ಟು ಖರೆ. ಮೂಗಿನಲ್ಲಿ ಸಣ್ಣ ನಗು, 'ಮತ್ತ' ಎನ್ನುವಾಗ ಎಳೆಯುವ ಆ ಎಳೆತ, ಎಲ್ಲ ಆಕೆಯದೇ.

ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಹಳೆಯದೇ ಚೆಂದ ಎಂದು ನಾನು ಹೇಳಲಿ ಎಂಬುದು ಅವನ ಆಸೆ ಎಂದು ನನಗೆ ಗೊತ್ತಿತ್ತು. ತಂತಿ ಅತ್ತಿತ್ತ ಬದಲಿಸಲು ಹೇಳಿ ಕಣ್ಣು ಮುಚ್ಚಿ ಮತ್ತೆ ಕೇಳಿದೆ. ಇನ್ನೊಮ್ಮೆ ಕೇಳಿದೆ. ಪ್ರತಿ ಸಲವೂ ಅದೇ ಉತ್ತರ.

"ಹೊಸಾದು," ಎಂದೆ. "ಹೊಸಾದ್ರಾಗ ಆಕಿ ಇದ್ದಾಳ. ಹಳೇದ್ರಾಗ ಆಕಿ ಸಿಟ್ಟಿಗೆದ್ದಾಳ."

"ಖರೆ?"

"ಖರೆ."

ಅವನು ಹೊಸ ಜೋಡಣೆಯಲ್ಲಿ ಮತ್ತೊಮ್ಮೆ ಹಚ್ಚಿ, ಡಬ್ಬಿಗೆ ಮುಖ ಹತ್ತಿರ ಒಯ್ದು ಕೇಳಿದ.

"ನನಗ ಆಕಿ ಗ್ವಾಡಿ ಆಚಿಂದ ಮಾತಾಡಿದಂಗ ಕೇಳತೈತಿ," ಎಂದ. ಆಮೇಲೆ ಸೋಲ್ಡರಿಂಗ್ ಕಡ್ಡಿ ಕಾಯಲು ಇಟ್ಟ.

ಕರಿ ಪರದೆ

ಕೇಳುವ ಕೋಣೆ ದೊಡ್ಡದೊಂದು ಬೈಠಕ್ ಮನೆಯಂತಿತ್ತು: ಸೋಫಾ, ಪುಸ್ತಕದ ಕಪಾಟು, ನೆಲಕ್ಕೆ ಜಮಖಾನೆ. ಒಂದು ಬದಿಗೆ ಮೇಲಿಂದ ಕೆಳಗಿನವರೆಗೆ ಕರಿ ಪರದೆ. ಅದರ ಹಿಂದೆ ಆರು ಡಬ್ಬಿಗಳು. ಅಂಕ ಹಾಕಲು ಊರಿನವರೇ ಬಂದಿದ್ದರು. ಶಾಲೆಯ ಮಾಸ್ತರು, ಬ್ರೆಡ್ ಸುಡುವವರು, ಅಂಚೆಯ ಹೆಂಗಸು, ಹೀಗೆ. ಆ ಊರಿನಲ್ಲಿ ಕೇಳಲು ಕಲಿಯುವುದು ಒಂದು ಹವ್ಯಾಸ. ನಮ್ಮಲ್ಲಿ ಸಂಜೆ ಭಜನೆಗೆ ಸೇರುವ ಹಾಗೆ ಸೇರಿ ತರಬೇತಿ ಪಡೆಯುತ್ತಾರೆ. ಯಾರಿಗೂ ಯಾವ ಡಬ್ಬಿ ಯಾರದೆಂದು ಗೊತ್ತಿಲ್ಲ. ಪರದೆಯ ಹಿಂದಿನ ಬಿರ್ಗಿಟ್‌ಗೆ ಮಾತ್ರ ಗೊತ್ತು. ಕಟ್ಟಿದವರೂ ಇವರ ಜೊತೆಯೇ ಕೂತು ಅಂಕ ಹಾಕಬೇಕು, ಆದರೆ ಅವರ ಅಂಕ ಲೆಕ್ಕಕ್ಕಿಲ್ಲ. ಅದು ಅಲ್ಲಿಯ ತಮಾಷೆ. ಕೊನೆಗೆ ಎಲ್ಲರೆದುರು ಓದುತ್ತಾರೆ.

ಹೆಂಗಸಿನ ಹಾಡು, ಪಿಟೀಲು, ಮಳೆಯ ಸದ್ದು, ಒಬ್ಬ ಮುದುಕ ಓದುವ ಕಥೆ. ಒಂದೊಂದನ್ನೂ ಡಬ್ಬಿಯಿಂದ ಡಬ್ಬಿಗೆ ಬದಲಿಸಿ ಕೇಳಿಸಿದರು. ಪೆನ್ನುಗಳ ಸರಸರ ಬಿಟ್ಟರೆ ಬೇರೆ ಸದ್ದಿಲ್ಲ. ಆ ಬ್ರೆಡ್ ಸುಡುವವರು ಕಣ್ಣು ಮುಚ್ಚಿ, ಹಿಟ್ಟಿನ ಹದ ನೋಡುವವರಂತೆ ಬೆರಳು ಮಿಡಿಯುತ್ತ ಕೇಳುತ್ತಿದ್ದರು. ಚುನಾವಣೆಯ ಎಣಿಕೆ ಕೇಂದ್ರಗಳಲ್ಲಿ ಕೂತ ಅಭ್ಯಾಸ ನನಗಿದೆ, ಆದರೆ ಅಲ್ಲಿ ನಾನು ಯಾರ ಪಕ್ಷವೂ ಅಲ್ಲ. ಇಲ್ಲಿ ಒಂದು ಡಬ್ಬಿಯೊಳಗೆ ನನ್ನ ಮಾತು ಬೆಸುಗೆಯಾಗಿ ಕೂತಿತ್ತು.

ಐದನೆಯ ಡಬ್ಬಿ ಹಾಡತೊಡಗಿದಾಗ ಶಂಕರ ನನ್ನ ತೊಡೆ ಹಿಂಡಿದ. ಬೆರಳಲ್ಲಿ ಹೇಳಿದ: ನಂದು ಇದೇ. ನನಗೆ ಅದು ಚುಚ್ಚುತ್ತಿತ್ತು. ಅವನದಲ್ಲ ಎಂದು ನನಗೆ ಅನಿಸಿತು, ಆದರೆ ಹೇಳಲಿಲ್ಲ.

ಬಿರ್ಗಿಟ್ ಹೊರಬಂದು ಪರದೆ ಸರಿಸಿದರು. ಊರಿನವರ ಅಂಕದಲ್ಲಿ ಮೊದಲು ಬಂದದ್ದು ಎರಡನೆಯ ಡಬ್ಬಿ. ಅದರ ಮುಂದೆ ಬನಹಟ್ಟಿಯ ಹತ್ತಿಯ ಬಟ್ಟೆ ಕಂಡಿತು.

ನಾನು ಕೂಗಿಬಿಟ್ಟೆ. ಆ ಸದ್ದಿಲ್ಲದ ಊರಿನಲ್ಲಿ, ಅಷ್ಟು ಜನರ ನಡುವೆ, ಜಮಖಂಡಿಯ ಕುಸ್ತಿ ಮೈದಾನದಲ್ಲಿ ಕೂಗುವ ಹಾಗೆ ಕೂಗಿದೆ. ಎರಡನೆಯ ಸ್ಥಾನ ಹೆಂಕ್‌ನದು. ಅವನ ಗ್ರಾಫ್ ಗೆರೆ ಅಂಕುಡೊಂಕಾಗಿತ್ತು, ಬಿರ್ಗಿಟ್ ಅಳತೆಯಲ್ಲಿ ಅದನ್ನು ಹಿಂದಿನ ಸಾಲಿಗೆ ಹಾಕಿದ್ದರು. ಅತಿ ನೇರವಾದ ಗೆರೆಯ ಡಬ್ಬಿಗೆ ನಾಲ್ಕನೆಯ ಸ್ಥಾನ ಸಿಕ್ಕಿತ್ತು. ಏಕೆಂದು ತಮಗೆ ಇನ್ನೂ ಗೊತ್ತಿಲ್ಲ, ಹುಡುಕಬೇಕು ಎಂದು ಅವರು ಒಪ್ಪಿಕೊಂಡರು. ಹೆಂಕ್ ಹೋಗಿ ಅವರನ್ನು ತಬ್ಬಿಕೊಂಡ.

ಆಮೇಲೆ ತಮಾಷೆಯ ಭಾಗ. ಕಟ್ಟಿದವರು ಹಾಕಿದ ಅಂಕ ಓದಿದರು. ಶಂಕರ ಎಲ್ಲಕ್ಕಿಂತ ಹೆಚ್ಚು ಕೊಟ್ಟದ್ದು ಐದನೆಯ ಡಬ್ಬಿಗೆ. ಊರಿನವರು ಅದನ್ನು ಕೊನೆಗೆ ಹಾಕಿದ್ದರು. ಎಲ್ಲಕ್ಕಿಂತ ಕಡಿಮೆ ಕೊಟ್ಟದ್ದು ಎರಡನೆಯದಕ್ಕೆ, ತನ್ನದೇ ಡಬ್ಬಿಗೆ. ಕೋಣೆ ನಗೆಯಲ್ಲಿ ತುಂಬಿತು. ಶಂಕರನೂ ನಕ್ಕ. ಡಬ್ಬಿಯ ಹತ್ತಿರ ಹೋಗಿ ಅದರ ತಲೆಯ ಮೇಲೆ ಕೈಯಿಟ್ಟು ನಿಂತ. ಹೆಸರಿನ ಪಟ್ಟಿಯ ಮೇಲೆ ಏನು ಬರೆಯಬೇಕು ಎಂದು ಬಿರ್ಗಿಟ್ ಕೇಳಿದರು. ಬನಹಟ್ಟಿ ಎಂಬುದನ್ನು ಅವನು ಬಿಡಿಬಿಡಿಯಾಗಿ ಹೇಳಿಕೊಟ್ಟ. 'ಟ್ಟಿ' ಅವರ ನಾಲಿಗೆಗೆ ಹತ್ತಲಿಲ್ಲ. ಮತ್ತೆ ಹೇಳಿಕೊಟ್ಟ.

ಬಂದರಿನ ಬೆಂಚು

ಹೊರಗೆ ಬಂದು ನೀರಿನ ಪಕ್ಕದ ಬೆಂಚಿನ ಮೇಲೆ ಕೂತೆವು. ದೋಣಿಗಳು ನಿಂತಿದ್ದವು. ಬನಹಟ್ಟಿಯಲ್ಲಿ ಆಗ ಮುಸ್ಸಂಜೆ. ಶಂಕರ ಕಲಾವತಿಗೆ ಫೋನ್ ಹಚ್ಚಿ, ನನಗೂ ಕೇಳಲೆಂದು ಸ್ಪೀಕರ್ ಒತ್ತಿದ.

"ಏನಾತ್ರೀ? ಆತೇನ್ರಿ?" ಆಕೆ ಕೂಗುತ್ತಿದ್ದಳು. ಈಗಿನ ಫೋನುಗಳು ಹಿಂದಿನ ಗದ್ದಲವನ್ನು ಸೋಸಿ ತೆಗೆದು ಮಾತನ್ನಷ್ಟೇ ಕಳಿಸುತ್ತವೆ. ಆಕೆ ಕೂಗುತ್ತಿದ್ದುದರಿಂದ ಮಾತ್ರ ಮಗ್ಗ ನಡೆದಿದೆ ಎಂದು ನಮಗೆ ಗೊತ್ತಾಯಿತು.

"ಮಗ್ಗ ಬಂದ್ ಮಾಡು," ಎಂದ ಶಂಕರ.

"ಏನಂದ್ರಿ?"

"ಮಗ್ಗ ಬಂದ್ ಮಾಡಂದ್ನಿ. ಎಲ್ಲಾ ಬಂದ್ ಮಾಡು."

"ಸೀರಿ ಅರ್ಧಕ್ಕ ಬಂದೈತಿ, ಈಗ ಹೆಂಗ್ ಬಂದ್ ಮಾಡ್ಲಿ? ಏನರ ಆಗೇತೇನ್ರಿ? ಡಬ್ಬಿ ಒಡೀತೇನು?"

"ಏನೂ ಒಡದಿಲ್ಲ. ಬಂದ್ ಮಾಡು, ಹೇಳ್ತೀನಿ."

ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಆಕೆ ಬಂದಳು. ನಮ್ಮ ಅಡುಗೆಮನೆಯಲ್ಲಿ ಕೂತು ಆಡುವ ದನಿ.

"ಹೂಂ, ಬಂದ್ ಮಾಡೇನಿ. ಈಗ ಹೇಳ್ರಿ."

"ನಾ ಬಂದ ಕೂಡ್ಲೆ ಇಬ್ಬರೂ ಜಮಖಂಡಿಗಿ ಹೋಗೂಣು. ಕಿವಿ ಡಾಕ್ಟರಿಗಿ ತೋರಸೂಣು. ನಂದೂ, ನಿಂದೂ."

"ಅಂದ್ರ ಸೋತ್ರೇನ್ರಿ?"

"ಇಲ್ಲ. ಗೆದ್ದೇವಿ."

"ಗೆದ್ದ ಮ್ಯಾಲ ಕಿವಿ ಯಾಕ ತೋರಸೂದ್ರಿ?"

ಶಂಕರ ಸ್ಪೀಕರ್ ಆರಿಸಿ ಫೋನನ್ನು ಕಿವಿಗೆ ಹಿಡಿದುಕೊಂಡ. ಮೊದಲಿನಿಂದ ಹೇಳತೊಡಗಿದ. ಆ ಕೋಣೆ, ಆ ಸೀಟಿ, ಗುಡ್ಡ, ಹೊಂಡ. ನಾನು ಪಕ್ಕದಲ್ಲೇ ಇದ್ದೆ. ಅವನ ಮಾತು ಮುಗಿಯುವವರೆಗೂ ಕಲಾವತಿಯ ದನಿ ಫೋನಿನಾಚೆ ಮತ್ತೆ ಏರಲಿಲ್ಲ, ಆಕೆ ಮಗ್ಗ ಹಚ್ಚಿರಲಿಲ್ಲ.